ಪದ ಪರಿಚಯ: ಸಾಕ್ಷ್ಯಚಿತ್ರ

ನಮ್ಮ ಯಾದಗಿರಿ ಕಡೆ ಕ್ಯಾಮೆರಾ ಹಿಡಿದು ಯಾರೇ ಬರಲಿ, ಊರವರಿಗೆ ಅವರು ‘ಶೂಟಿಂಗ್‌ನವರು’. ಟಿವಿಯವರು, ಯೂಟ್ಯೂಬಿನವರು, ಪ್ರಾಜೆಕ್ಟಿಗೆಂದು ಬಂದ ಕಾಲೇಜು ಹುಡುಗರು, ಎಲ್ಲರಿಗೂ ಅದೊಂದೇ ಹೆಸರು. ಆರು ವರ್ಷದ ಹಿಂದೆ ಗುರುಮಠಕಲ್ ಹತ್ತಿರದ ಹಳ್ಳಿಯೊಂದಕ್ಕೆ ಹೊರಗಿನ ತಂಡವೊಂದು ಬಂದಿತ್ತು. ಗುಳೆ ಹೋಗುವವರ ಬಗ್ಗೆ ಚಿತ್ರ ಮಾಡುವವರು. ಅವರಿಗೆ ಕನ್ನಡ ಬಾರದು, ನಾನು ದುಭಾಷಿಯಾಗಿ ಜೊತೆಗೆ ಹೋಗಿದ್ದೆ.

“ಏನ್ ಶೂಟಿಂಗ್ರಿ ಇದು, ಧಾರಾವಾಹಿ ಏನು?” ಎಂದು ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಕೇಳಿದರು.

“ಅಲ್ರೀ ಮುತ್ಯಾ, ಸಾಕ್ಷ್ಯಚಿತ್ರ.”

“ಸಾಕ್ಷಿ ಅಂದ್ರ, ಕೋರ್ಟಿಗಿ ಹೋಗತದೇನು?”

ಆವತ್ತು ಉತ್ತರ ಹೇಳದೆ ಮುಂದೆ ಹೋದೆ. ಈಗ ಈ ಪದವನ್ನು ಬಿಡಿಸಿ ಹೇಳಲು ಕೂತಾಗ ಆ ಪ್ರಶ್ನೆಗಿಂತ ಒಳ್ಳೆಯ ಬಾಗಿಲು ಸಿಗುತ್ತಿಲ್ಲ.

ಬೀದರ್ ಸೀಮೆಯಲ್ಲಿ ನಾಲ್ಕೈದು ಭಾಷೆ ಒಟ್ಟಿಗೆ ಕಿವಿಗೆ ಬೀಳುತ್ತವೆ. ಹಿಂದಿಯವರು ಇಂಥ ಚಿತ್ರವನ್ನು ‘ವೃತ್ತಚಿತ್ರ’ ಅನ್ನುತ್ತಾರೆ. ವೃತ್ತಾಂತ ಹೇಳುವ ಚಿತ್ರ. ಮರಾಠಿಯಲ್ಲಿ ಅದು ‘ಮಾಹಿತೀಪಟ’. ಮಾಹಿತಿ ಕೊಟ್ಟರೆ ಅದರ ಕೆಲಸ ಮುಗಿಯಿತು. ಇಂಗ್ಲಿಷಿನ ‘ಡಾಕ್ಯುಮೆಂಟರಿ’ಯ ಬೇರು ಲ್ಯಾಟಿನ್ನಿನಲ್ಲಿ ‘ಕಲಿಸು’ ಎಂಬ ಕ್ರಿಯಾಪದದಲ್ಲಿದೆ. ಕನ್ನಡ ಮಾತ್ರ ‘ಸಾಕ್ಷ್ಯ’ ಎಂಬ ಭಾರದ ಮಾತನ್ನು ಆರಿಸಿಕೊಂಡಿತು. ಸಾಕ್ಷಾತ್ ಕಂಡವನೇ ಸಾಕ್ಷಿ ಎಂದು ಪಾಣಿನಿಯ ಸೂತ್ರವೇ ಹೇಳುತ್ತದೆ. ‘ಸಾಕ್ಷಾತ್’ ಅಂದರೆ ಕಣ್ಣೆದುರಿಗೆ. ಸಾಕ್ಷಿ ಎಂದರೆ ಮನುಷ್ಯ. ಅವನು ನಿಂತು ನುಡಿದದ್ದು ಸಾಕ್ಷ್ಯ. ಕೇಳಿದ್ದನ್ನು ಹೇಳುವವನನ್ನು ಯಾರೂ ಸಾಕ್ಷಿ ಎಂದು ಕರೆಯುವುದಿಲ್ಲ.

ಇನ್ನೊಂದು ಮಾತು ಮುತ್ಯಾನ ಕೋರ್ಟಿಗೆ ಸೇರಿದ್ದು. ಸಾಕ್ಷಿ ಕಟಕಟೆ ಹತ್ತಿ ನುಡಿದುಬಿಟ್ಟರೆ ಆಯಿತೇ? ಎದುರು ಪಕ್ಷದ ವಕೀಲರು ಎದ್ದು ಪಾಟಿಸವಾಲು ಮಾಡುತ್ತಾರೆ. ನೀನು ಎಲ್ಲಿ ನಿಂತಿದ್ದೆ, ಬೆಳಕು ಎಷ್ಟಿತ್ತು, ನಿನ್ನನ್ನು ಕರೆತಂದವರು ಯಾರು, ಖರ್ಚು ಯಾರದು. ಪಾಟಿಸವಾಲಿಗೆ ನಿಲ್ಲದ ಸಾಕ್ಷ್ಯಕ್ಕೆ ಬೆಲೆ ಇಲ್ಲ. ಸಾಕ್ಷ್ಯಚಿತ್ರ ಎಂಬ ಪದವನ್ನು ನಾವು ಬಳಸುವುದೇ ಆದರೆ ಈ ಅರ್ಧವನ್ನೂ ಸೇರಿಸಿಯೇ ಬಳಸಬೇಕು ಎಂಬುದು ನನ್ನ ವಾದ. ಇಲ್ಲಿ ಪಾಟಿಸವಾಲು ಮಾಡುವ ಹಕ್ಕು ಮೊದಲು ಇರುವುದು ಚಿತ್ರದೊಳಗಿನ ಜನರಿಗೆ. ವಿಮರ್ಶಕರು, ಪ್ರಶಸ್ತಿ ಸಮಿತಿಯವರು ಆಮೇಲೆ.

ಆ ಹಳ್ಳಿಯಲ್ಲಿ ಆದದ್ದು ಇಷ್ಟು. ತೊಗರಿ ರಾಶಿ ಮುಗಿದ ದಿನಗಳು. ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಹೊರಟವರನ್ನು ಯಾದಗಿರಿ ಸ್ಟೇಶನ್ನಿಗೆ ಒಯ್ಯಲು ಟಂಟಂ ಬಂದು ನಿಂತಿತ್ತು. ಒಬ್ಬ ಅಕ್ಕ ಕಂಕುಳಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು, ಮನೆ ಬೀಗ ಎಳೆದು ನೋಡಿ, ಅತ್ತೆಯ ಕಾಲು ಮುಟ್ಟಿ, ಬಂದು ಹತ್ತಿ ಕೂತರು. ಆರು ವರ್ಷದ ಮಗ ಅಜ್ಜಿಯ ಸೆರಗು ಹಿಡಿದು ಅಳತೊಡಗಿದ. ಕ್ಯಾಮೆರಾ ಹಿಡಿದವನಿಗೆ ಫೋಕಸ್ ತಪ್ಪಿತ್ತು. “ಇನ್ನೊಮ್ಮೆ ಇಳಿದು ಹತ್ತಲು ಹೇಳಿ” ಎಂದು ನನಗೆ ಹೇಳಿದರು. ನಾನು ಹೇಳಿದೆ. ಅಕ್ಕ ನನ್ನ ಮುಖ ನೋಡಿ, “ಒಮ್ಮಿ ಹೋಗೋದೇ ಸಾಕಾಗ್ಯದ, ಎರಡ್ ಸರ್ತಿ ಹೋಗ್ಲೇನ್ರಿ?” ಎಂದರು. ಆದರೂ ಇಳಿದು ಮತ್ತೆ ಹತ್ತಿದರು. ಮಗ ಮತ್ತೆ ಅತ್ತ. ಎರಡನೆಯ ಅಳು ಮೊದಲಿನದಕ್ಕಿಂತ ಜೋರಾಗಿತ್ತು. ಚಿತ್ರ ಮುಗಿದ ಮೇಲೆ ಊರಿಗೆ ತಂದು ತೋರಿಸುತ್ತೇವೆ ಎಂದು ತಂಡದವರು ಮಾತು ಕೊಟ್ಟರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಿದ್ದು.

ಮತ್ತೆ ಮಾಡಿಸಿ ತೆಗೆಯುವುದು ಹೊಸದೇನಲ್ಲ, ಈ ಕಲೆಯಷ್ಟೇ ಹಳೆಯದು. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಿಮಸೀಮೆಯ ಇನ್ಯುಟ್ ಜನರ ಮೇಲೆ ಮಾಡಿದ ‘ನಾನೂಕ್ ಆಫ್ ದಿ ನಾರ್ತ್’ ಎಲ್ಲ ಪಠ್ಯಗಳಲ್ಲೂ ಮೊದಲ ದೊಡ್ಡ ಸಾಕ್ಷ್ಯಚಿತ್ರ. ಹಿಮದ ಮನೆಯೊಳಗೆ ಆಗಿನ ಕ್ಯಾಮೆರಾಗೆ ಬೆಳಕು ಸಾಲದು. ಅದಕ್ಕೆ ಅರ್ಧ ಮನೆಯನ್ನಷ್ಟೇ ಕಟ್ಟಿಸಿ, ತೆರೆದ ಬದಿಯಿಂದ ‘ಒಳಾಂಗಣ’ ತೆಗೆದರು. ಆ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಚಿತ್ರಕ್ಕಾಗಿ ಹಳೆಯ ಕಾಲದ ಈಟಿ ಹಿಡಿದು ಬೇಟೆಯಾಡಿದರು. ನಾನೂಕ್ ಎಂಬುದು ಕೂಡ ಚಿತ್ರಕ್ಕೆ ಇಟ್ಟ ಹೆಸರು, ಆ ಮನುಷ್ಯನ ನಿಜ ಹೆಸರು ಅಲ್ಲಾಕರಿಯಾಲ್ಲಾಕ್. ಆದರೆ ಫ್ಲಾಹರ್ಟಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಚಿತ್ರಿಸಿದ ವಾಲ್ರಸ್ ಎಂಬ ಕಡಲಪ್ರಾಣಿಯ ಬೇಟೆಯನ್ನು ಅವರು ಅಲ್ಲಿಯೇ ಸಂಸ್ಕರಿಸಿ ಆ ಜನರಿಗೆ ತೋರಿಸಿದ್ದರು. ವಿದ್ಯುತ್ತೇ ಇಲ್ಲದ ಹಿಮದ ನಾಡಿನಲ್ಲಿ ನೂರು ವರ್ಷದ ಹಿಂದೆ ಸಾಧ್ಯವಾದದ್ದು ಅದು.

‘ಡಾಕ್ಯುಮೆಂಟರಿ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಚಾಲ್ತಿಗೆ ತಂದವರು ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್. 1926ರಲ್ಲಿ ಫ್ಲಾಹರ್ಟಿಯ ಇನ್ನೊಂದು ಚಿತ್ರದ ವಿಮರ್ಶೆಯಲ್ಲಿ ಬಳಸಿದರು. ಫ್ರೆಂಚರು ಮೊದಲು ಈ ಪದ ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಬರೀ ಪ್ರವಾಸಚಿತ್ರ ಎಂದು ಗ್ರಿಯರ್ಸನ್ ಅವರೇ ಮುಂದೆ ಬರೆದಿದ್ದಾರೆ. ಅಂದರೆ ದೂರದ ಊರು ನೋಡಿ ಬರುವುದು ಮತ್ತು ಸಾಕ್ಷ್ಯಚಿತ್ರ, ಇವೆರಡೂ ಒಂದೇ ಬಳ್ಳಿಯ ಕಾಯಿಗಳು. ಆ ಸಂಬಂಧಕ್ಕೆ ಮುಂದೆ ಬರುತ್ತೇನೆ.

ನಮ್ಮ ದೇಶದಲ್ಲಿ 1948ರಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ ಶುರುವಾಯಿತು. ದಶಕಗಳ ಕಾಲ ಟಾಕೀಸುಗಳಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಅದರ ಚಿತ್ರವನ್ನು ತೋರಿಸಲೇಬೇಕಿತ್ತು. ಅಣೆಕಟ್ಟು, ಬರ, ಲಸಿಕೆ, ಕುಟುಂಬ ಯೋಜನೆ. ಅಲ್ಲಿ ಮಾತಾಡುತ್ತಿದ್ದದ್ದು ತೆರೆಯ ಹಿಂದಿನ ಗಂಭೀರ ದನಿ. ಜನ ಬರೀ ಕಾಣುತ್ತಿದ್ದರು.

ಜನರೇ ಪಾಟಿಸವಾಲು ಮಾಡಿದ ಚಿತ್ರಗಳೂ ಇವೆ. ಫ್ರಾನ್ಸಿನ ಜಾಂ ರೂಶ್ ಮತ್ತು ಎಡ್ಗರ್ ಮೋರಾಂ 1961ರಲ್ಲಿ ಪ್ಯಾರಿಸ್ಸಿನ ಸಾಮಾನ್ಯರನ್ನು ಮಾತಾಡಿಸಿ ಒಂದು ಚಿತ್ರ ಮಾಡಿದರು. ತೆಗೆದದ್ದನ್ನು ಅದೇ ಜನರಿಗೆ ತೋರಿಸಿ, ಅವರು ಮಾಡಿದ ಟೀಕೆಯನ್ನೂ ಚಿತ್ರದೊಳಗೇ ಇಟ್ಟರು. ಇನ್ನೂ ದೊಡ್ಡ ಉದಾಹರಣೆ ಕೆನಡಾದ ಫೋಗೋ ದ್ವೀಪ. ಮೀನುಗಾರರ ಬಡ ಊರುಗಳು. ಊರು ಬಿಟ್ಟು ಬೇರೆಡೆ ಹೋಗಿ ನೆಲೆಸಿರೆಂದು ಸರ್ಕಾರದ ಒತ್ತಡ. 1967ರಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕ ಅಲ್ಲಿ ಒಂದೇ ಚಿತ್ರ ಮಾಡುವ ಬದಲು 27 ಪುಟ್ಟ ಚಿತ್ರ ಮಾಡಿದರು. ಒಬ್ಬ ಮೀನುಗಾರನ ಮಾತು, ಒಂದು ಸಭೆ, ಒಂದು ಮದುವೆಯ ಹಾಡು, ಹೀಗೆ. ಅವನ್ನು ದ್ವೀಪದ ಊರೂರಿಗೆ ಒಯ್ದು ತೋರಿಸಿದರು. ಒಂದು ಊರಿನವರು ಇನ್ನೊಂದು ಊರಿನವರ ಮಾತು ಕೇಳಿದರು. ಆಮೇಲೆ ಸರ್ಕಾರದವರೂ ನೋಡಿದರು. ಜನ ದ್ವೀಪ ಬಿಡಲಿಲ್ಲ. ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಗುಳೆಯ ನಾಡಿನಿಂದ ಇದನ್ನು ಓದುವಾಗ ನನ್ನ ಎದೆ ತುಂಬಿ ಬರುತ್ತದೆ. ಉಳಿಸಿದ್ದು ಚಿತ್ರವೊಂದೇ ಎನ್ನಲಾರೆ. ಆದರೆ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳಲು ಅದು ಚಾವಡಿಯಾಯಿತು.

ಇಂಥದ್ದಕ್ಕೆ ಕೆನಡಾದವರೆಗೆ ಹೋಗಬೇಕಿಲ್ಲ. ಬೀದರಿನಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಗಡಿಯಾಚೆ ತೆಲಂಗಾಣದ ಜಹೀರಾಬಾದ್ ಇದೆ. ಅದರ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ಸಂಘಗಳಿಗೆ ಸೇರಿದ ದಲಿತ ಹೆಣ್ಣುಮಕ್ಕಳು ಕ್ಯಾಮೆರಾ ಕಲಿತರು. ಓದು ಬರಹ ಬಾರದವರು, ಹೊಲದ ಕೂಲಿಗೆ ಹೋದವರು. ಬೀಜ, ಜೋಳ, ಸಿರಿಧಾನ್ಯ, ಬಿಟಿ ಹತ್ತಿಯಿಂದ ಕೈ ಸುಟ್ಟುಕೊಂಡ ರೈತರು, ಇವೆಲ್ಲ ಅವರ ಚಿತ್ರಗಳಲ್ಲಿ ಬಂದವು. ಕ್ಯಾಮೆರಾ ಕೋನಗಳಿಗೆ ಅವರು ಇಟ್ಟ ಹೆಸರುಗಳನ್ನು ನಾನು ಯಾವತ್ತೂ ಮರೆಯಲಾರೆ. ಮೇಲಿನಿಂದ ಕೆಳಕ್ಕೆ ನೋಡಿದರೆ ‘ಪಟೇಲ್ ಶಾಟ್’. ಒಡೆಯ ಆಳನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಅದು ಆಳಿನ ನೋಟ. ಎದುರಿನವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟರೆ ‘ಸಂಘಂ ಶಾಟ್’. ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತಾರಲ್ಲ, ಹಾಗೆ. ತಾವು ಬಳಸುವುದು ಸಂಘಂ ಶಾಟ್ ಎನ್ನುತ್ತಾರೆ ಅವರು. ಇದನ್ನು ಯಾವ ಸಿನಿಮಾ ಶಾಲೆಯೂ ಅವರಿಗೆ ಕಲಿಸಲಿಲ್ಲ. ಪಟೇಲರ ಮನೆಯಂಗಳದಲ್ಲಿ ತಲೆ ಬಗ್ಗಿಸಿ ನಿಂತ ನೆನಪು ಕಲಿಸಿತು.

ಈಚಿನ ಇನ್ನೊಂದು ಪ್ರಸಂಗವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಉತ್ತರ ಪ್ರದೇಶದ ಹಳ್ಳಿಗಾಡಿನ ಪತ್ರಕರ್ತೆಯರ ‘ಖಬರ್ ಲಹರಿಯಾ’ ಬಗ್ಗೆ ಮಾಡಿದ ‘ರೈಟಿಂಗ್ ವಿತ್ ಫೈರ್’ 2022ರಲ್ಲಿ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿತ್ತು. ಪ್ರಶಸ್ತಿಗೆ ಕೆಲವೇ ದಿನ ಮುಂಚೆ ಆ ಪತ್ರಿಕೆಯವರೇ ಹೇಳಿಕೆ ಕೊಟ್ಟು, ಚಿತ್ರ ಮನಕಲಕುವಂತಿದೆ, ಆದರೆ ನಮ್ಮ ಕೆಲಸದ ಒಂದು ಭಾಗವನ್ನಷ್ಟೇ ಕಾಣಿಸಿದೆ ಎಂದರು. ಚಿತ್ರ ಸುಳ್ಳಾಯಿತು ಎಂದು ನಾನು ಓದುವುದಿಲ್ಲ. ಸಾಕ್ಷ್ಯಕ್ಕೆ ಪಾಟಿಸವಾಲು ಆಯಿತು, ಆಗಬೇಕಾದದ್ದೇ.

ಈಗ ಪ್ರವಾಸದ ಮಾತು. ‘ಸಾಮಾಜಿಕ ಕಾಳಜಿಯ ಪ್ರವಾಸ’ ಎಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ನಾನಾದರೆ ‘ಹೊಣೆಯರಿತ ಪ್ರವಾಸ’ ಅನ್ನುತ್ತೇನೆ. ಸಾಕ್ಷ್ಯಚಿತ್ರ ನೋಡಿ ಮನಸ್ಸು ಕಲಕಿದವರು ಆ ಊರಿಗೇ ಹೋಗಿ ನೋಡಬೇಕು ಅನ್ನುವುದು ಸಹಜ. ಹೋಗಿ ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ. 1880ರ ದಶಕದಲ್ಲಿ ಲಂಡನ್ನಿನ ಸಿರಿವಂತರು ಅದೇ ಊರಿನ ಬಡ ಕೇರಿಗಳನ್ನು ‘ನೋಡಲು’ ಹೋಗುವ ರೂಢಿ ಬೆಳೆಸಿಕೊಂಡಿದ್ದರು. 2012ರಲ್ಲಿ ಅಂಡಮಾನಿನ ಜಾರವಾ ಬುಡಕಟ್ಟಿನ ಹೆಣ್ಣುಮಕ್ಕಳನ್ನು ತಿಂಡಿಯ ಆಸೆ ತೋರಿಸಿ ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೊ ಹೊರಬಂದಾಗ ದೇಶ ತಲೆ ತಗ್ಗಿಸಿತು. ಆಸ್ಟ್ರೇಲಿಯದ ನಿರ್ದೇಶಕ ಡೆನಿಸ್ ಓ’ರೂರ್ಕ್ 1988ರಲ್ಲಿ ತೆರೆಕಂಡ ತಮ್ಮ ಸಾಕ್ಷ್ಯಚಿತ್ರಕ್ಕಾಗಿ ಪಪುವಾ ನ್ಯೂಗಿನಿಯ ಸೆಪಿಕ್ ನದಿಗೆ ಹೋದಾಗ ಕ್ಯಾಮೆರಾವನ್ನು ಊರಿನವರ ಕಡೆಗಷ್ಟೇ ಅಲ್ಲ, ಅವರನ್ನು ನೋಡಲು ಬಂದ ಪ್ರವಾಸಿಗರ ಕಡೆಗೂ ತಿರುಗಿಸಿದರು. ದುಡ್ಡಿದ್ದವರು ಒಂದು ಮರದ ಮುಖವಾಡಕ್ಕೆ ಬೆಲೆ ಇಳಿಸು, ಇನ್ನೂ ಇಳಿಸು ಎಂದು ಚೌಕಾಸಿ ಮಾಡುವುದು ಅದರಲ್ಲಿದೆ.

ಅದೇ ಚೌಕಾಸಿಯನ್ನು ಬೀದರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಚೌಬಾರದ ಹತ್ತಿರದ ಓಣಿಯಲ್ಲಿ ಬಿದ್ರಿ ಕೆಲಸದ ಒಬ್ಬ ಚಾಚಾ ನನಗೆ ಪರಿಚಯ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯಬೇಕು, ಉಜ್ಜಿ ನುಣುಪು ಮಾಡಬೇಕು. ಮೈಲುತುತ್ತದ ನೀರು ಸವರಿ ಮೇಲ್ಮೈ ಕಪ್ಪಾಗಿಸಿ, ಅದರ ಮೇಲೆ ಕೈಯಿಂದಲೇ ಬಳ್ಳಿ ಹೂವು ಗೀಚಬೇಕು. ಗೀಚಿದ ಗೆರೆಯನ್ನು ಉಳಿಯಿಂದ ಕೊರೆದು, ಆ ಕಾಲುವೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ನೀರು. ಅದರಿಂದ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವುದು ಕಸುಬಿನವರ ರೂಢಿ. ಬಂದವರಿಗೆ ಬೇಕಾದದ್ದು ಅದೊಂದೇ ಕ್ಷಣ. ಒಂದು ಗುಂಪಿನವರು ಚಾಚಾರಿಂದ ನಾಲ್ಕು ಸಲ ಮಣ್ಣು ನೆಕ್ಕಿಸಿ ಫೋಟೊ ತೆಗೆದರು. ತಿಂಗಳುಗಟ್ಟಲೆ ಕೊರೆದ ಹೂದಾನಿಯ ಬೆಲೆ ಕೇಳಿ “ಜಾಸ್ತಿ ಆಯಿತು” ಎಂದು ಎದ್ದು ಹೋದರು. ಚಾಚಾ ಬಾಯಿ ಮುಕ್ಕಳಿಸಿ ಬಂದು ಮತ್ತೆ ಉಳಿ ಹಿಡಿದರು. ಅವರ ಹೆಬ್ಬೆರಳಿನ ಪಕ್ಕ ಉಳಿ ಒತ್ತಿ ಒತ್ತಿ ಆದ ಗಂಟನ್ನು ಆ ಗುಂಪಿನಲ್ಲಿ ಒಬ್ಬರೂ ನೋಡಲಿಲ್ಲ.

2002ರ ಕೇಪ್‌ಟೌನ್ ಘೋಷಣೆ ಹೊಣೆಯರಿತ ಪ್ರವಾಸವನ್ನು ವಿವರಿಸುವಾಗ ಜಾಗಗಳು ಮೊದಲು ಬಾಳುವವರಿಗೆ ಚೆನ್ನಾಗಬೇಕು, ಆಮೇಲೆ ಬಂದು ಹೋಗುವವರಿಗೆ ಎಂಬ ಅರ್ಥದ ಮಾತು ಹೇಳುತ್ತದೆ. ಆ ಕ್ರಮವೇ ಅದರ ಜೀವ. ಚಾಚಾರ ಅಂಗಡಿಯಲ್ಲಿ ಅದರ ಅರ್ಥ ಇಷ್ಟೇ: ಕೇಳಿ ಫೋಟೊ ತೆಗೆಯುವುದು, ಅರ್ಧ ದಿನ ಕೂತು ಕೆಲಸ ನೋಡುವುದು, ಕೊಂಡರೆ ಹೇಳಿದ ಬೆಲೆಗೆ ಕೊಳ್ಳುವುದು, ತೆಗೆದ ಚಿತ್ರವನ್ನು ಅವರಿಗೂ ಕಳಿಸುವುದು.

ಗುಳೆಯ ಚಿತ್ರವನ್ನು ತಂಡದವರು ಊರಿಗೆ ತರಲಿಲ್ಲ. ನಾನು ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ. ಕಳೆದ ಕಾರಹುಣ್ಣಿಮೆಗೆ ಸ್ವಲ್ಪ ಮುಂಚೆ ಅದು ನನಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಮಾತು ಕೊಟ್ಟ ಬಾಯಿ ನನ್ನದೇ ಆದ್ದರಿಂದ ಫೋನಿಗೆ ಇಳಿಸಿಕೊಂಡು ಹೊರಟೆ. ಕಟ್ಟೆಯ ಮುತ್ಯಾ ಈಗ ಇಲ್ಲ. ಅಕ್ಕ ಮುಂಬೈಯಿಂದ ಬಂದಿದ್ದರು. ಬಿತ್ತನೆಗೆ ಬೀಜ ಹಸನು ಮಾಡುತ್ತ ಅಂಗಳದಲ್ಲಿ ಕೂತಿದ್ದರು. ಮಗ ಪಕ್ಕದಲ್ಲಿ ಬಂದು ಬಗ್ಗಿದ. ಅವನಿಗೀಗ ಹನ್ನೆರಡು.

ಚಿತ್ರದಲ್ಲಿ ಅವರ ಮುಖ ಬಂದಾಗ ಹಿಂದಿನಿಂದ ಇಂಗ್ಲಿಷ್ ದನಿ ಕೇಳುತ್ತಿತ್ತು. “ಏನ್ ಅನ್ಲಕತ್ತಾರ?” ಎಂದರು. ಈ ಊರಿನಿಂದ ಹೋದವರು ಮರಳುತ್ತಾರೋ ಇಲ್ಲವೋ ಅವರಿಗೇ ತಿಳಿಯದು ಅಂತಾರೆ, ಎಂದು ಹೇಳಿದೆ.

ಅಕ್ಕ ಮೊರ ಕೆಳಗಿಟ್ಟರು. “ನಾ ಹಂಗ ಹೇಳೇ ಇಲ್ಲಲ್ರಿ. ಕಾರಹುಣ್ಣಿವಿಗಿ ಬರ್ತೀನಿ, ಹೊಲ ಪಡಾ ಬಿಡಂಗಿಲ್ಲ ಅಂದಿದ್ದೆ. ನಿಮ್ಮ ಮುಂದೇ ಅಂದಿದ್ದೆ. ಅದೆಲ್ಲಿ ಹೋಯ್ತು?”

ಅದು ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. “ಇನ್ನೊಮ್ಮಿ ಹಚ್ರಿ ಕಾಕಾ” ಎಂದ ಮಗ. ಮೊದಲಿನಿಂದ ಹಚ್ಚಿದೆ. ಟಂಟಂ ಹತ್ತುವ ಭಾಗ ಬಂದಾಗ ಅಕ್ಕ ನನ್ನ ಕೈ ತಡೆದು ನಿಲ್ಲಿಸಲು ಹೇಳಿದರು. ಪರದೆಯ ಮೇಲೆ ಬೆರಳಿಟ್ಟರು.

“ಇದು ಎರಡನೇ ಸರ್ತಿ ಹತ್ತಿದ್ದು. ನೋಡ್ರಿ, ಕಂಕುಳಾಗ ರೊಟ್ಟಿ ಗಂಟಿಲ್ಲ. ಅದು ಮೊದಲೇ ಗಾಡ್ಯಾಗಿಟ್ಟಿದ್ದೆ.”