ಸಾಕು ಗಿಣಿಗಳ ಕೊಬ್ಬಿನ ಕಾಯಿಲೆಗಳು: ಲಿವರ್‌ನಿಂದ ಶುರು ಮಾಡಿ ಓದೋಣ

ಫ್ಯಾಟಿ ಲಿವರ್, ಅಥೆರೋಸ್ಕ್ಲೆರೋಸಿಸ್, ಲಿಪೋಮಾ, ಝ್ಯಾಂಥೋಮಾ. ಇವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುವ ಮೊದಲೇ ಮರೆತುಹೋಗುತ್ತವೆ. ಮೊದಲು ಲಿವರ್ ಅರ್ಥ ಮಾಡಿಕೊಳ್ಳಿ.

ಹಕ್ಕಿಗಳಲ್ಲಿ ಹೊಸ ಕೊಬ್ಬು ತಯಾರಾಗುವುದು ಮುಖ್ಯವಾಗಿ ಲಿವರ್‌ನಲ್ಲೇ. ಅದು ಅಲ್ಲಿಂದ ರಕ್ತಕ್ಕೆ ಹೊರಡಬೇಕಾದರೆ ಕೋಲಿನ್, ಮೆಥಿಯೋನಿನ್ ಥರದ ಪೋಷಕಾಂಶ ಬೇಕು. ಬರೀ ಬೀಜ ತಿನ್ನುವ ಗಿಣಿಗೆ ಎಣ್ಣೆ ಜಾಸ್ತಿ (ಸೂರ್ಯಕಾಂತಿ ತಿರುಳಿನ ತೂಕದಲ್ಲಿ ಸುಮಾರು 50% ಕೊಬ್ಬೇ), ಈ ಪೋಷಕಾಂಶಗಳು ಕಡಿಮೆ, ಅದರ ಮೇಲೆ ಪಂಜರದಲ್ಲಿ ಹಾರಾಟವೂ ಇಲ್ಲ, ಹಾಗಾಗಿ ಕೊಬ್ಬು ಲಿವರ್‌ನ ಕೋಶಗಳಲ್ಲೇ ಕೂತುಬಿಡುತ್ತದೆ. ಇದೇ ಹೆಪಾಟಿಕ್ ಲಿಪಿಡೋಸಿಸ್, ಅಂದರೆ ಫ್ಯಾಟಿ ಲಿವರ್. ಅಮೆಜಾನ್, ಕ್ವೇಕರ್, ಬಜರಿಗರ್, ಕಾಕಟೀಲ್ ಜಾತಿಯ ಗಿಣಿಗಳಲ್ಲಿ ಹೆಚ್ಚು ಕಾಣುತ್ತದೆ.

ಎಲ್ಲರೂ ಬೀಜವನ್ನಷ್ಟೇ ಬೈಯುತ್ತಾರೆ. ಹಾರ್ಮೋನನ್ನು ಮರೆಯುತ್ತಾರೆ! ಮೊಟ್ಟೆಗೆ ಸಿದ್ಧವಾಗುವ ಹೆಣ್ಣಿನಲ್ಲಿ ಈಸ್ಟ್ರೋಜನ್ ಏರಿದಾಗ ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಕೊಬ್ಬನ್ನು ಲಿವರ್ ವಿಪರೀತ ತಯಾರಿಸುತ್ತದೆ, ರಕ್ತದ ಸೀರಂ (ರಕ್ತಕಣ ಬಿಟ್ಟು ಉಳಿಯುವ ತಿಳಿ ದ್ರವ) ಹಾಲಿನಂತೆ ಬೆಳ್ಳಗಾಗುವುದೂ ಉಂಟು. ಪದೇ ಪದೇ ಮೊಟ್ಟೆ ಇಡುವ ಹಕ್ಕಿಗೆ ಆಹಾರ ಬದಲಿಸಿದರಷ್ಟೇ ಸಾಲದು.

ಫ್ಯಾಟಿ ಲಿವರ್‌ನ ಲಕ್ಷಣಗಳು: ಕೊಕ್ಕು, ಉಗುರು ಅತಿಯಾಗಿ ಬೆಳೆಯುವುದು, ಅವುಗಳಲ್ಲಿ ರಕ್ತಸ್ರಾವದ ಕಪ್ಪು ಕಲೆ, ಹೊಟ್ಟೆ ಉಬ್ಬಿ ಏದುಸಿರು. ಹಿಕ್ಕೆಯಲ್ಲಿ ಬಿಳಿ ಇರಬೇಕಾದ ಯೂರೇಟ್ (ಮೂತ್ರದ ಗಟ್ಟಿ ಭಾಗ) ಹಸಿರಾಗುತ್ತದೆ, ಯಾಕೆಂದರೆ ಹಕ್ಕಿಗಳ ಪಿತ್ತದಲ್ಲಿ ಮುಖ್ಯ ಬಣ್ಣ ನಮ್ಮಲ್ಲಿರುವ ಹಳದಿ ಬಿಲಿರುಬಿನ್ ಅಲ್ಲ, ಹಸಿರು ಬಿಲಿವರ್ಡಿನ್. ಹಾಗಾಗಿ ಬಿಲಿರುಬಿನ್ ಟೆಸ್ಟ್ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರಲ್ಲ. ಎಎಸ್‌ಟಿ (ಲಿವರ್‌ಗೆ ಹಾನಿಯಾದಾಗ ರಕ್ತದಲ್ಲಿ ಏರುವ ಎಂಜೈಮ್) ಏರಿದ್ದರೆ ಸಿಕೆ (ಸ್ನಾಯುವಿನ ಎಂಜೈಮ್) ಕೂಡ ನೋಡಿ. ಸ್ನಾಯುವಿಗೆ ಪೆಟ್ಟಾದರೂ ಎಎಸ್‌ಟಿ ಏರುತ್ತದಲ್ವಾ? ಲಿವರ್ ಕೆಲಸ ಹೇಗಿದೆ ಎಂದು ತಿಳಿಯಲು ಬೈಲ್ ಆಸಿಡ್ (ಪಿತ್ತದ ಆಮ್ಲ) ಟೆಸ್ಟ್. ಖಚಿತವಾಗಿ ಹೇಳುವುದು ಬಯಾಪ್ಸಿ (ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು), ಆದರೆ ಲಿವರ್ ಕೆಟ್ಟ ಹಕ್ಕಿಯಲ್ಲಿ ರಕ್ತ ನಿಲ್ಲದಿರುವ ಭಯ ಇದೆ.

ರಕ್ತದಲ್ಲಿ ಅಲೆಯುವ ಕೊಲೆಸ್ಟ್ರಾಲ್ ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಕೂತರೆ ಅಥೆರೋಸ್ಕ್ಲೆರೋಸಿಸ್. ಆಫ್ರಿಕನ್ ಗ್ರೇ, ಅಮೆಜಾನ್, ಕಾಕಟೀಲ್, ಕ್ವೇಕರ್‌ಗಳಿಗೆ ಅಪಾಯ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು. ಕಾಲು ಸೋಲುವುದು, ಕೂರುವ ಕೋಲಿನ ಮೇಲಿಂದ ಬೀಳುವುದು ಕಾಣಬಹುದು, ಆದರೆ ಎಷ್ಟೋ ಸಲ ಮೊದಲ ಲಕ್ಷಣವೇ ದಿಢೀರ್ ಸಾವು.

ಚರ್ಮದಡಿಯ ಕೊಬ್ಬಿನ ಗಡ್ಡೆ ಲಿಪೋಮಾ, ಬಜರಿಗರ್‌ಗಳ ಎದೆಮೂಳೆಯ ಮೇಲೆ ಸಾಮಾನ್ಯ. ಚರ್ಮವೇ ಹಳದಿಯಾಗಿ ದಪ್ಪಗಾದರೆ ಝ್ಯಾಂಥೋಮಾ.

ಒಂದು ಅಪವಾದ ಬರೆದುಕೊಳ್ಳಿ: ಹಯಸಿಂತ್ ಮಕಾವ್ ಎಂಬ ದೊಡ್ಡ ನೀಲಿ ಗಿಣಿ ಕಾಡಿನಲ್ಲಿ ತಿನ್ನುವುದೇ ಎಣ್ಣೆ ತುಂಬಿದ ತಾಳೆಜಾತಿಯ ಕಾಯಿ. ಎಲ್ಲಾ ಗಿಣಿಗೂ ಒಂದೇ ಲೆಕ್ಕ ಹಾಕಬೇಡಿ.

ಚಿಕಿತ್ಸೆಯಲ್ಲಿ ದೊಡ್ಡ ತಪ್ಪು, ದಪ್ಪ ಇದೆ ಎಂದು ಉಪವಾಸ ಹಾಕುವುದು. ಹಸಿದಾಗ ಮೈಯ ಕೊಬ್ಬು ಕರಗಿ ಲಿವರ್‌ಗೇ ಬರುತ್ತದೆ, ಕಾಯಿಲೆ ಇನ್ನೂ ಜಾಸ್ತಿಯಾಗುತ್ತದೆ. ಬೀಜದಿಂದ ಪೆಲೆಟ್ (ಗುಳಿಗೆ ರೂಪದ ಸಿದ್ಧ ಆಹಾರ), ತರಕಾರಿಗೆ ಬದಲಾವಣೆ ನಿಧಾನವಾಗಿ ಆಗಬೇಕು, ಅದೂ ದಿನಾ ಗ್ರಾಂ ತಕ್ಕಡಿಯಲ್ಲಿ ತೂಗುತ್ತಾ. ತಿನ್ನುವುದನ್ನೇ ಬಿಟ್ಟ ಹಕ್ಕಿಗೆ ವೈದ್ಯರು ಟ್ಯೂಬ್ ಮೂಲಕ ಆಹಾರ ಕೊಡಬೇಕಾಗುತ್ತದೆ.