ಹಾಡು ಹಾಕಿಸುವುದು: ಒಂದು ಗಡಿನಾಡ ರೂಢಿಯ ಹಿನ್ನೆಲೆ

2009ರಲ್ಲಿ ನಾನು ಕಾಸರಗೋಡಿನಲ್ಲಿ ಪದವಿಗೆ ಸೇರಿದಾಗ ನಮ್ಮಲ್ಲಿ ಯಾರೂ ‘ಡೌನ್‌ಲೋಡ್’ ಎನ್ನುತ್ತಿರಲಿಲ್ಲ. ‘ಹಾಡು ಹಾಕಿಸುವುದು’ ಎನ್ನುತ್ತಿದ್ದೆವು. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಉಗುರಿನಷ್ಟಗಲದ ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟು ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟರೆ, ಅಂಗಡಿಯವನು ತನ್ನ ಕಂಪ್ಯೂಟರಿನ ಫೋಲ್ಡರುಗಳನ್ನು ಇಡಿಯಾಗಿ ಅದರೊಳಗೆ ಸುರಿದುಕೊಡುತ್ತಿದ್ದ. ಮಲಯಾಳಂ, ಹಿಂದಿ, ತಮಿಳು, ಮಲಬಾರಿನ ಮುಸ್ಲಿಮರ ಮಾಪ್ಪಿಳ ಪಾಟ್ಟು ಎಲ್ಲಕ್ಕೂ ಒಂದೊಂದು ಫೋಲ್ಡರ್. ಕನ್ನಡದ್ದೂ ಇತ್ತು, ಎಲ್ಲಕ್ಕಿಂತ ತೆಳ್ಳಗೆ. ಅದನ್ನು ತುಂಬಿಸಿದ್ದು ಬಹುಪಾಲು ನಮ್ಮಂಥ ಗಿರಾಕಿಗಳೇ. ನಾವು ತಂದ ಕಾರ್ಡಿನಲ್ಲಿ ಹೊಸ ಕನ್ನಡ ಹಾಡು ಕಂಡರೆ ಆತ ಅದನ್ನು ತನ್ನ ಕಡೆಗೆ ಎಳೆದುಕೊಂಡು ಐದು ರೂಪಾಯಿ ಕಡಿಮೆ ಮಾಡುತ್ತಿದ್ದ.

ವ್ಯಾಕರಣದಲ್ಲಿ ‘ಹಾಕಿಸುವುದು’ ಪ್ರೇರಣಾರ್ಥಕ. ಹಾಕುವವನು ಅಂಗಡಿಯವನು, ಹಾಕಿಸುವವನು ನಾನು. ಹಾಡು ಯಾರದು ಎಂಬ ಪ್ರಶ್ನೆಗೆ ಆ ಕ್ರಿಯಾಪದದಲ್ಲಿ ಜಾಗವೇ ಇಲ್ಲ. ನನಗೆ ಆ ಪ್ರಶ್ನೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಹೊಳೆಯಿಸಿದ್ದು ಸಿನಿಮಾ ಹಾಡಲ್ಲ, ಯಕ್ಷಗಾನ.

ರೂಢಿ ಮಾತ್ರ ಕಂಪ್ಯೂಟರಿಗಿಂತ ಹಳೆಯದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಕಡತಗಳೆಲ್ಲ ತಿರುವನಂತಪುರದ ಕಡೆಗೆ ಮುಖ ಮಾಡಿದವು. ಕನ್ನಡ, ತುಳು ಮನೆಗಳ ಕಿವಿ ಮಂಗಳೂರಿನ ಕಡೆಗೇ ಉಳಿಯಿತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನವೂ, ವೇಷ ಕುಣಿತಗಳಿಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಅದರ ರೂಪವಾದ ತಾಳಮದ್ದಲೆಯೂ ಅಡುಗೆಮನೆಗೇ ಬಂದವು. ಆದರೆ ರೇಡಿಯೋ ಹೇಳಿದಾಗಲೇ ಕೇಳಬೇಕು. ಬೇಕೆಂದಾಗ ಕೇಳುವ ಭಾಗ್ಯ ಬಂದದ್ದು ಗಲ್ಫಿನಿಂದ. ದುಬೈ, ಕುವೈತ್‌ಗಳಿಗೆ ಹೋದವರು ರಜೆಯಲ್ಲಿ ಬರುವಾಗ ಸೆಂಟಿನ ಬಾಟಲಿಯ ಜೊತೆ ಟೇಪ್‌ರೆಕಾರ್ಡರನ್ನೂ ತಂದರು. ಎರಡು ಕ್ಯಾಸೆಟ್ ಹಿಡಿಸುವ ಮಾದರಿ ಬಂದ ಮೇಲೆ ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಳ್ಳುವುದು ಮನೆಯ ಕೆಲಸವಾಯಿತು. ಪೇಟೆಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿಗಳಿದ್ದವು. ‘ಹಾಡು ಹಾಕಿಸುವುದು’ ಹುಟ್ಟಿದ್ದು ಅಲ್ಲಿ. ಮೆಮೊರಿ ಕಾರ್ಡು ಆ ಮಾತನ್ನು ಎರವಲು ಪಡೆಯಿತು, ಅಷ್ಟೆ.

ದೇಶದ ಮಟ್ಟದಲ್ಲೂ ಕ್ಯಾಸೆಟ್ ಕಾಲ ಅಂಥ ಶುದ್ಧ ಕಾಲವೇನಲ್ಲ. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಬೆಳೆದದ್ದೇ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ನಿನಲ್ಲಿದ್ದ ಒಂದು ಸಂದನ್ನು ಬಳಸಿ, ಹಳೆಯ ಹಾಡುಗಳನ್ನು ಹೊಸ ಕಂಠಗಳಲ್ಲಿ ಹಾಡಿಸಿ ಅಗ್ಗಕ್ಕೆ ಮಾರಿ. ಅದೇ ಕಂಪನಿ ಮುಂದೆ ಕೃತಿಸ್ವಾಮ್ಯದ ಉಗ್ರ ಕಾವಲುಗಾರನಾಗಿ, ಜನ ಹಾಡು ಹಂಚುತ್ತಿದ್ದ ಮೈಸ್ಪೇಸ್ ಜಾಲತಾಣದ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. ಅಟ್ಟ ಹತ್ತಿದ ಮೇಲೆ ಏಣಿ ಎಳೆದುಕೊಳ್ಳುವುದು ಎಂದರೆ ಇದೇ.

ನಮ್ಮ ಕಡೆ ಇದಕ್ಕೊಂದು ಬೇರೆ ಕವಲು ಒಡೆಯಿತು. ಕುಂಬಳೆ ಸೀಮೆ ಎಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ, ಪಾತ್ರದ ಮಾತನ್ನು ಆಶುವಾಗಿ ಆಡುವ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ನೆಲ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಮನೆ, ಮಠ, ದೇವಸ್ಥಾನಗಳಲ್ಲಿ ತಾಳಮದ್ದಲೆ. ಧ್ವನಿವರ್ಧಕದ ಕೆಳಗೆ ನಾಲ್ಕೈದು ಟೇಪ್‌ರೆಕಾರ್ಡರುಗಳು ಸಾಲಾಗಿ ಕೂರುತ್ತಿದ್ದವು; ನನ್ನ ಅಜ್ಜನದೂ ಒಂದು. ಅರ್ಧ ಗಂಟೆಗೊಮ್ಮೆ ‘ಟಕ್’ ಎಂದು ಗುಂಡಿ ಹಾರಿದರೆ ಮಗುಚಿ ಹಾಕಬೇಕು. ಆ ನಾಲ್ಕೈದು ಸೆಕೆಂಡಿನಲ್ಲಿ ಕರ್ಣನೋ ವಾಲಿಯೋ ಹೇಳಿದ ಅರ್ಧ ವಾಕ್ಯ ಹೋಯಿತು. ಹಾಗೆ ತುಂಬಿಸಿದ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಹೋಗಿ, ಕೆಲವು ವಾಪಸು ಬಂದವು. ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿದ್ದ ಯಕ್ಷಗಾನ ಕ್ಯಾಸೆಟ್ಟುಗಳು ಒಂದೆರಡು ಗಂಟೆಗೆ ಕತ್ತರಿಸಿದವು. ಇಡೀ ರಾತ್ರಿಯ ಪ್ರಸಂಗ ಬೇಕಾದರೆ ಯಾರದ್ದಾದರೂ ಅಜ್ಜನನ್ನು ಕೇಳಬೇಕಿತ್ತು.

ಮುಂದಿನ ಕಥೆಗೆ ಒಂದಿಷ್ಟು ಲೆಕ್ಕ ಬೇಕು. ಸಿ.ಡಿ.ಯಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಎಂ.ಬಿ. ಜಾಗ ಬೇಕು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಮನುಷ್ಯನ ಕಿವಿಯ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡರು. ದೊಡ್ಡ ಸದ್ದಿನ ಮರೆಯಲ್ಲಿ ಅಡಗುವ ಸಣ್ಣ ಸದ್ದು ಹೇಗೂ ಕೇಳಿಸುವುದಿಲ್ಲ, ಅದನ್ನು ಬರೆದಿಡುವುದೇಕೆ? ಸೆಕೆಂಡಿಗೆ 128 ಕಿಲೋಬಿಟ್ ವೇಗದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂ.ಬಿ. ಸಾಕಾಯಿತು. 1995ರ ಜುಲೈಯಲ್ಲಿ ಆ ಕಡತಕ್ಕೆ ‘ಎಂಪಿ3’ ಎಂಬ ಬಾಲ ಅಂಟಿತು. ಮುಂದಿನ ತಿಂಗಳು, ಆಗಸ್ಟ್ 15ಕ್ಕೆ, ಸರ್ಕಾರಿ ದೂರಸಂಪರ್ಕ ಕಂಪನಿ ವಿ.ಎಸ್.ಎನ್.ಎಲ್. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಎರಡಕ್ಕೂ ಆಗ ಸಂಬಂಧವೇನೂ ಇರಲಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. ಈ ವಿಧಾನಕ್ಕೆ ನಿಶ್ಶಬ್ದದ ಮೇಲೆ ಥಟ್ಟನೆ ಬೀಳುವ ಪೆಟ್ಟು ಆಗಿಬರುವುದಿಲ್ಲ. ಸದ್ದನ್ನು ತುಂಡುತುಂಡಾಗಿ ಕಟ್ಟುವಾಗ ಆದ ತಪ್ಪು ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮೊದಲೇ ಅದರ ಕೊಳೆ ಕೇಳಿಸುತ್ತದೆ. ಯುರೋಪಿನ ತಂತ್ರಜ್ಞರು ಇದನ್ನು ಪರೀಕ್ಷಿಸಲು ಸ್ಪೇನಿನ ಚಿಟಿಕೆವಾದ್ಯ ಕ್ಯಾಸ್ಟನೆಟ್ಟನ್ನು ಬಳಸಿದರು. ಅವರ ಪ್ರಯೋಗಾಲಯಕ್ಕೆ ನಮ್ಮ ಯಕ್ಷಗಾನದ ಒಂದು ಚೆಂಡೆಯನ್ನೂ ಚಕ್ರತಾಳವನ್ನೂ ಕಳಿಸಿಕೊಡಬೇಕಿತ್ತು. ಜಾಗ ಉಳಿಸಲು ಇನ್ನೂ ಹಿಂಡಿ ಇಳಿಸಿದ ಹಳೆಯ ಪ್ರಸಂಗಗಳಲ್ಲಿ ಚಕ್ರತಾಳ ಮಳೆಹನಿ ತಗಡಿಗೆ ಬಿದ್ದಂತೆ ಕೇಳಿಸುವುದು ಇದೇ ಕಾರಣಕ್ಕೆ.

1999ರ ಜೂನಿನಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಸೇರಿದ್ದ ಶಾನ್ ಫ್ಯಾನಿಂಗ್ ಎಂಬ ಹುಡುಗನ ಹಾಡು ಹಂಚಿಕೊಳ್ಳುವ ತಂತ್ರಾಂಶ ನ್ಯಾಪ್‌ಸ್ಟರ್ ಬಂತು. ಹಾಡುಗಳಿದ್ದದ್ದು ಜನರ ಕಂಪ್ಯೂಟರಿನಲ್ಲೇ; ಯಾರ ಬಳಿ ಏನಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರಿನದು. ಆ ಪಟ್ಟಿಯೇ ಅದರ ಕುತ್ತಿಗೆಗೆ ಬಂತು. ಧ್ವನಿಮುದ್ರಣ ಕಂಪನಿಗಳು ಅದೇ ಡಿಸೆಂಬರಿನಲ್ಲಿ ಕೋರ್ಟಿಗೆ ಹೋದವು, 2001ರ ಜುಲೈಗೆ ಅದು ಮುಚ್ಚಿತು. ಪಾಠ ಕಲಿತ ಮುಂದಿನವರು ನಡುವಣ ಪಟ್ಟಿಯನ್ನೇ ಕೈಬಿಟ್ಟರು: ನ್ಯುಟೆಲ್ಲಾ, ಕಜಾ, ಬಿಟ್‌ಟೊರೆಂಟ್. ಹಿಡಿಯಲು ಒಬ್ಬ ಯಜಮಾನ ಸಿಗದೆ ಕಂಪನಿಗಳು ವಿದ್ಯಾರ್ಥಿಗಳ ಬೆನ್ನು ಹತ್ತಿದವು. 2003ರ ಏಪ್ರಿಲಿನಲ್ಲಿ ಕ್ಯಾಂಪಸ್ಸಿನೊಳಗೆ ಹಾಡು ಹುಡುಕುವ ವ್ಯವಸ್ಥೆ ನಡೆಸುತ್ತಿದ್ದ ನಾಲ್ವರ ಮೇಲೆ ದಾವೆ ಹೂಡಿ, ಒಬ್ಬೊಬ್ಬರಿಂದ 12,000ದಿಂದ 17,500 ಡಾಲರ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವು. ಅದೇ ಸೆಪ್ಟೆಂಬರಿನಲ್ಲಿ 261 ಜನರ ಮೇಲೆ ಹೂಡಿದ ದಾವೆಗಳಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಸಿಕ್ಕಿಬಿದ್ದಳು. 2,000 ಡಾಲರಿಗೆ ಬಗೆಹರಿಯಿತು.

ಅಲ್ಲಿನ ವಿದ್ಯಾರ್ಥಿಗಳ ಕೈಯಲ್ಲಿ ಕ್ಯಾಂಪಸ್ಸಿನ ವೇಗದ ಜಾಲವಿತ್ತು, ಅದಕ್ಕೇ ಬೆಂಕಿ ಅಲ್ಲಿ ಹೊತ್ತಿಕೊಂಡಿತು. ನಮ್ಮ ಇಂಟರ್ನೆಟ್ ಕೆಫೆಗಳ ಟೆಲಿಫೋನ್ ತಂತಿಯಲ್ಲಿ ಐದು ನಿಮಿಷದ ಒಂದು ಹಾಡು ಇಳಿಯಲು ಕಾಲು ಗಂಟೆ ದಾಟುತ್ತಿತ್ತು, ನಡುವೆ ಕರೆಂಟು ಹೋಗದಿದ್ದರೆ. ಗಂಟೆಗಿಷ್ಟು ಎಂದು ಹಣ ಕೊಡುವವನಿಗೆ ಅದು ಕ್ಯಾಸೆಟ್ಟಿಗಿಂತ ದುಬಾರಿ. ಹಾಗಾಗಿ ಇಡೀ ಊರಿಗೆ ಒಬ್ಬ ಇಳಿಸಿ ಉಳಿದವರಿಗೆ ಹಂಚುವುದು ಬಡತನದ ಸಹಜ ಲೆಕ್ಕಾಚಾರವಾಗಿತ್ತು.

ಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಎಲ್ಲಿ? ಆ್ಯಪಲ್ 2003ರಲ್ಲಿ ಹಾಡಿಗೆ 99 ಸೆಂಟಿನಂತೆ ಮಾರುವ ಐಟ್ಯೂನ್ಸ್ ಅಂಗಡಿ ತೆರೆದರೂ ಅದು ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಅದೇ ವರ್ಷ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹೆಸರಿನಲ್ಲಿ ಹಾಡು ಮಾರಲು ಹೊರಟು 2013ರ ಜೂನಿಗೆ ಬಾಗಿಲು ಹಾಕಿಕೊಂಡಿತು. ಕನ್ನಡ ಸಿ.ಡಿ. ಬೇಕಾದರೆ ಮಂಗಳೂರು, ಕಾಸರಗೋಡಿನಿಂದ 50 ಕಿ.ಮೀ. ಮೊಬೈಲಿನಲ್ಲಿ ಇಳಿಸೋಣವೆಂದರೆ ಗಡಿಯ ಇನ್ನೊಂದು ಕಾಟ: ಪೆರ್ಲದ ಕಡೆ ಗುಡ್ಡ ಹತ್ತಿದರೆ ಫೋನು ತನ್ನಷ್ಟಕ್ಕೆ ಕರ್ನಾಟಕದ ಟವರ್ ಹಿಡಿದು, ಮನೆಯಂಗಳದಲ್ಲೇ ರೋಮಿಂಗ್ ಶುಲ್ಕ ಕಿತ್ತುಕೊಳ್ಳುತ್ತಿತ್ತು. ರಾಜ್ಯ ಪುನರ್ವಿಂಗಡಣೆಯ ನೋವಿನ ಬಗ್ಗೆ ಹಿರಿಯರು ಭಾಷಣ ಮಾಡುವಾಗ ನನಗೆ ನೆನಪಾಗುತ್ತಿದ್ದದ್ದು ಫೋನಿನಿಂದ ಹೋದ ಆ ಕರೆನ್ಸಿ.

ಉಳಿದ ದಾರಿ ಬ್ಲೂಟೂತ್. ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಫೋನು ತೆರೆದರೆ ಇಡೀ ಬಸ್ಸಿನ ಗುಟ್ಟು ಕಾಣುತ್ತಿತ್ತು. ಸ್ವಂತ ಹೆಸರಿಟ್ಟವರು, ನಟರ ಹೆಸರಿಟ್ಟವರು, ಬರೀ ಚುಕ್ಕಿ ಇಟ್ಟವರು. ಸಂಕೇತ ಕೇಳಿದರೆ ನಾಲ್ಕು ಸೊನ್ನೆ. ಎಡನೀರಿನಿಂದ ಚೆರ್ಕಳ ಮುಟ್ಟುವಷ್ಟರಲ್ಲಿ ಏಳೆಂಟು ಹಾಡು ದಾಟುತ್ತಿದ್ದವು. ಅದೇ ಎಡನೀರು, ಅಲ್ಲಿನ ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ತೀರ್ಪು ಬಂತು. ಮೊಕದ್ದಮೆಯ ಬೇರು ಆಸ್ತಿಯ ಹಕ್ಕು. ಸ್ವಾಮೀಜಿ ಸ್ವತಃ ಸಂಗೀತಗಾರರು, ಯಕ್ಷಗಾನದ ಪೋಷಕರು ಆಗಿದ್ದರು. ಹಾಡೂ ಆಸ್ತಿಯೇ ಎಂದು ಅವರನ್ನು ಕೇಳಬಹುದಿತ್ತು. ನಮಗಾಗ ಕೇಳಬೇಕೆನಿಸಲಿಲ್ಲ.

ನಮ್ಮ ತಲೆಯಲ್ಲಿ ಇನ್ನೊಂದು ಗೊಂದಲವೂ ಇತ್ತು. ಮುಕ್ತ ತಂತ್ರಾಂಶದ ಸಂಘಟನೆಯ ಭಾರತ ಶಾಖೆ ಶುರುವಾದದ್ದೇ 2001ರಲ್ಲಿ ತಿರುವನಂತಪುರದಲ್ಲಿ. ಕೇರಳದ ಸರ್ಕಾರಿ ಶಾಲೆಗಳು ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಅಂಥದೇ ಮುಕ್ತ ತಂತ್ರಾಂಶವಾದ ಲಿನಕ್ಸಿಗೆ ಹೊರಳಿದವು. ನಕಲು ಮಾಡಿ, ಗೆಳೆಯರಿಗೆ ಹಂಚಿ, ಅದು ನಿಮ್ಮ ಹಕ್ಕು ಎಂದು ಕನ್ನಡ ಮಾಧ್ಯಮದ ತರಗತಿಯಲ್ಲಿ ಮೇಷ್ಟ್ರೇ ಹೇಳಿದ್ದರು. ಬರೆದವನು ತಾನಾಗಿ ಅನುಮತಿ ಕೊಟ್ಟದ್ದಕ್ಕೂ ಕೇಳದೆ ತೆಗೆದುಕೊಂಡದ್ದಕ್ಕೂ ಇರುವ ವ್ಯತ್ಯಾಸ ಹದಿನೈದರ ಹುಡುಗರ ಕಿವಿಗೆ ಬಿದ್ದಿರಲಿಲ್ಲ, ಅಥವಾ ಬಿದ್ದರೂ ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆವು.

ಕೃತಿಸ್ವಾಮ್ಯ ಕಾಯ್ದೆ ಓದಿದ್ದು ಪದವಿ ಮುಗಿದ ಮೇಲೆ. 63ನೆಯ ಸೆಕ್ಷನ್ನಿನ ಪ್ರಕಾರ ಗೊತ್ತಿದ್ದೂ ಕೃತಿಸ್ವಾಮ್ಯ ಮುರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಕೋರ್ಟು ಇಳಿಸಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 38 ಮತ್ತು 39ನೆಯ ಸೆಕ್ಷನ್ನುಗಳು. ಪಾರ್ತಿಸುಬ್ಬನ ಪದ್ಯಕ್ಕೆ ಇಂದು ಯಾರ ಸ್ವಾಮ್ಯವೂ ಇಲ್ಲ. ಆದರೆ 1994ರ ತಿದ್ದುಪಡಿ ಹಾಡಿದವನಿಗೆ, ಅರ್ಥ ಹೇಳಿದವನಿಗೆ ತನ್ನ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕು ಕೊಟ್ಟಿತು. ಈಗ ಅದರ ಅವಧಿ 50 ವರ್ಷ. ಸ್ವಂತ ಬಳಕೆಗೆ ಧ್ವನಿಮುದ್ರಿಸಿಕೊಂಡರೆ ತಪ್ಪಿಲ್ಲ. ಅಂದರೆ ಧ್ವನಿವರ್ಧಕದ ಕೆಳಗೆ ಕೂತ ಅಜ್ಜ ನಿರಪರಾಧಿ, ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಹತ್ತು ಮಂದಿಗೆ ಹಂಚಿದ ನಾನು ಅಲ್ಲ. 2012ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಇದು ನನ್ನದು ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕು.

ಸಿನಿಮಾ ಹಾಡಿನ ಬಗ್ಗೆ ನನಗೆ ಇಂದಿಗೂ ಅಂಥ ಪಶ್ಚಾತ್ತಾಪವಿಲ್ಲ. ಮಾರಲು ಬಾರದವರು ಕದ್ದರೆಂದು ಅಳುವುದು ನನಗೆ ಅರ್ಥವಾಗದು. ಯಕ್ಷಗಾನದ ಹಾಡುಗಾರರಾದ ಭಾಗವತರ ಮಾತು ಬೇರೆ. ರಾತ್ರಿಯಿಡೀ ಹಾಡಿ ಸಂಭಾವನೆಯ ಲಕೋಟೆ ಹಿಡಿದು ಮೊದಲ ಬಸ್ಸಿಗೆ ಹೋಗುವವರ ಧ್ವನಿ ನೂರಾರು ಕಾರ್ಡುಗಳಲ್ಲಿ ಓಡಾಡಿತು. ಆ ಹಂಚಿಕೆಯಿಂದಲೇ ಎಷ್ಟೋ ರಾತ್ರಿಗಳು ಉಳಿದವು, ಉಳಿಸಿದ್ದಕ್ಕೆ ಅವರಿಗೆ ಒಂದು ಚಹಾದ ದುಡ್ಡೂ ಸಿಗಲಿಲ್ಲ. ಈ ಎರಡರಲ್ಲಿ ಒಂದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ರೋಮಿಂಗ್ ಶುಲ್ಕ ಇಲ್ಲವೆಂದಿತು, ಡೇಟಾ ಅಗ್ಗವಾಯಿತು, 2019ರಲ್ಲಿ ಹಾಡು ಕೇಳಿಸುವ ಚಂದಾ ಸೇವೆ ಸ್ಪಾಟಿಫೈ ಬಂತು. ಹಾಡು ಹಾಕಿಸುವ ಅಂಗಡಿಯಲ್ಲಿ ಈಗ ಫೋನಿನ ಗಾಜು ಬದಲಿಸುತ್ತಾರೆ. ಸಿನಿಮಾ ಹಾಡುಗಳ ಜಗಳ ಬಹುಮಟ್ಟಿಗೆ ತಣ್ಣಗಾಯಿತು. ಹಳೆಯ ತಾಳಮದ್ದಲೆಗಳು ಮಾತ್ರ ಆ ಚಂದಾ ಅಂಗಡಿಗಳಿಗೆ ಹೋಗಲಿಲ್ಲ, ಯೂಟ್ಯೂಬ್ ಸೇರಿದವು.

ಹೋದ ಮಳೆಗಾಲದಲ್ಲಿ ಅಲ್ಲೊಂದು ಹಳೆಯ ತಾಳಮದ್ದಲೆ ಕೇಳುತ್ತಿದ್ದೆ. ಮೂವತ್ತನೆಯ ನಿಮಿಷದ ಹತ್ತಿರ ಅರ್ಥಧಾರಿಯ ವಾಕ್ಯ ನಡುವೆ ಕತ್ತರಿಸಿ, ಮುಂದಿನ ಮಾತಿನ ಮೊದಲು ಯಾರೋ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮನ್ನು ನಾನು ಎಲ್ಲಿ ಕೇಳಿದರೂ ಗುರುತಿಸುತ್ತೇನೆ. ಕ್ಯಾಸೆಟ್ ಮಗುಚಿ ಹಾಕಿದ ನನ್ನ ಅಜ್ಜನದು. ವಿಡಿಯೋದ ಕೆಳಗೆ ಭಾಗವತರ ಹೆಸರಿರಲಿಲ್ಲ, ಅರ್ಥಧಾರಿಗಳ ಹೆಸರಿರಲಿಲ್ಲ. ಹಾಕಿದವರು ಪರದೆಯ ಮೂಲೆಯಲ್ಲಿ ತಮ್ಮ ಲಾಂಛನ ಅಂಟಿಸಿ ಹೀಗೆ ಬರೆದಿದ್ದರು: ‘ಅನುಮತಿಯಿಲ್ಲದೆ ನಕಲು ಮಾಡಬಾರದು’.