ಮಿಡ್‌ಶಿಪ್‌ಮನ್ ಅಂದರೆ ಹಡಗಿನ ನಡುವಿನವನು

ಮಂಗಳೂರಿನಿಂದ ಕಣ್ಣೂರಿನ ಕಡೆಗೆ ರೈಲಿನಲ್ಲಿ ಹೋದರೆ ಪಯ್ಯನ್ನೂರು ದಾಟಿದ ಮೇಲೆ ಏಳಿಮಲ ಅನ್ನುವ ಸ್ಟೇಷನ್ ಸಿಗುತ್ತದೆ. ಅಲ್ಲೇ ಕಡಲಿನ ಪಕ್ಕದಲ್ಲಿ ಭಾರತೀಯ ನೌಕಾ ಅಕಾಡೆಮಿ ಇದೆ. ಅಲ್ಲಿ ಪಾಸಿಂಗ್ ಔಟ್ ಪೆರೇಡ್ ನಡೆದಾಗಲೆಲ್ಲ ಪೇಪರಿನಲ್ಲಿ 'ಮಿಡ್‌ಶಿಪ್‌ಮನ್' ಅನ್ನುವ ಪದ ಕಣ್ಣಿಗೆ ಬೀಳುತ್ತದೆ. ಅದೊಂದು ಹುದ್ದೆ: ತರಬೇತಿಯಲ್ಲಿರುವ ಕೆಡೆಟ್‌ಗಿಂತ ಮೇಲೆ, ಅಧಿಕಾರಿಯ ಮೊದಲ ಮೆಟ್ಟಿಲಾದ ಸಬ್ ಲೆಫ್ಟಿನೆಂಟ್‌ಗಿಂತ ಕೆಳಗೆ. ಪದವನ್ನು ಬಿಡಿಸಿದರೆ ಹಡಗಿನ ನಡುವಿನವನು, ಅಷ್ಟೇ.

ಹುದ್ದೆಗೆ ನಿಂತ ಜಾಗದ ಹೆಸರೇ ಬಂದಿದೆ. 17ನೇ ಶತಮಾನದ ಇಂಗ್ಲಿಷ್ ಹಾಯಿಹಡಗಿನಲ್ಲಿ ಹಿಂಬದಿಯ ಎತ್ತರದ ಅಟ್ಟ ಕ್ಯಾಪ್ಟನ್ ಮತ್ತು ಅಧಿಕಾರಿಗಳದ್ದು. ಅದಕ್ಕೆ ಕ್ವಾರ್ಟರ್‌ಡೆಕ್ ಅಂತ ಹೆಸರು. ಮಾಮೂಲಿ ನಾವಿಕರ ವಾಸ ಮುಂಬದಿಯಲ್ಲಿ. ಇವೆರಡರ ಮಧ್ಯೆ ನಿಂತು ಕೆಲಸ ನೋಡಿಕೊಳ್ಳುತ್ತಿದ್ದವನು ಮಿಡ್‌ಶಿಪ್‌ಮನ್. ಆಗ ಅವನು ಮೀಸೆ ಮೂಡದ ಹುಡುಗನಲ್ಲ, ಚೆನ್ನಾಗಿ ಪಳಗಿದ ನಾವಿಕ.

ಇದನ್ನು ಬದಲಿಸಿದ್ದು ಒಂದು ಪರೀಕ್ಷೆ. 1677ರಲ್ಲಿ ನೌಕಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್, ಲೆಫ್ಟಿನೆಂಟ್ ಆಗಬೇಕಾದವರಿಗೆ ಪರೀಕ್ಷೆ ಕಡ್ಡಾಯ ಮಾಡಿಸಿದ. ಅದಕ್ಕೆ ಕೂರಬೇಕಾದರೆ ಮೊದಲು ಮಿಡ್‌ಶಿಪ್‌ಮನ್ ಆಗಿ ದುಡಿದಿರಬೇಕು. ದೊಡ್ಡ ಮನೆತನದ ಹುಡುಗರೂ ಹಗ್ಗ ಹಿಡಿಯಲೇಬೇಕಾಯಿತು. ನನ್ನ ಮಟ್ಟಿಗೆ ಈ ಪದದ ಇತಿಹಾಸದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಸಂಗತಿ.

ಮುಂದೆ ಬ್ರಿಟನ್ನಿನ ಹೆಸರಾಂತ ನೌಕಾ ಸೇನಾನಿಯಾದ ಹೊರೇಷಿಯೋ ನೆಲ್ಸನ್ ಹಡಗು ಹತ್ತಿದ್ದು 1771ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ. 1777ರಲ್ಲಿ ಲೆಫ್ಟಿನೆಂಟ್ ಪರೀಕ್ಷೆ ಪಾಸಾದ. ಇಪ್ಪತ್ತು ತುಂಬಿರಬೇಕು ಅನ್ನುವುದು ನಿಯಮ. ಅವನಿಗೆ ಆಗ ಹದಿನೆಂಟು. ಪರೀಕ್ಷೆ ಮಾಡಿದವರಲ್ಲಿ ಅವನ ಸೋದರಮಾವನೂ ಇದ್ದ! ಆದರೂ ಕೇಳುತ್ತಿದ್ದದ್ದೆಲ್ಲ ಕೈಕೆಲಸವೇ. ಹಗ್ಗಕ್ಕೆ ಹಗ್ಗ ಹೆಣೆಯಲು ಬರುತ್ತದಾ, ಗಾಳಿ ಜಾಸ್ತಿಯಾದಾಗ ಹಾಯಿಯನ್ನು ಮಡಿಸಿ ಚಿಕ್ಕದು ಮಾಡಲು ಬರುತ್ತದಾ, ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ಹಡಗು ಎಲ್ಲಿದೆ ಅಂತ ಹೇಳಲು ಬರುತ್ತದಾ.

ಅಮೆರಿಕದಲ್ಲಿ ಈ ಪದ ವಿದ್ಯಾರ್ಥಿಗೆ ಅಂಟಿಕೊಂಡಿತು. ಅದರ ಹಿಂದೆ ಒಂದು ನೋವಿನ ಕಥೆ ಇದೆ. 1842ರಲ್ಲಿ ಸೋಮರ್ಸ್ ಅನ್ನುವ ತರಬೇತಿ ಹಡಗಿನಲ್ಲಿ ದಂಗೆಯ ಸಂಚು ಮಾಡಿದ ಅಂತ ಫಿಲಿಪ್ ಸ್ಪೆನ್ಸರ್ ಎಂಬ ಮಿಡ್‌ಶಿಪ್‌ಮನ್‌ನನ್ನು ನಡುಗಡಲಲ್ಲೇ ಗಲ್ಲಿಗೇರಿಸಿದರು. ಅವನು ಆಗಿನ ಯುದ್ಧ ಸಚಿವರ ಮಗ. ಎಳೆಯರನ್ನು ಸುಮ್ನೆ ಹಡಗಿಗೆ ಹತ್ತಿಸಿ ಕಲಿಸುವುದು ಸರಿಯಾ ಅನ್ನುವ ಪ್ರಶ್ನೆ ಎದ್ದಿತು. 1845ರಲ್ಲಿ ಅನಾಪೊಲಿಸ್‌ನಲ್ಲಿ ನೌಕಾ ಶಾಲೆ ಶುರುವಾಯಿತು. ಇವತ್ತಿಗೂ ಅಲ್ಲಿ ನಾಲ್ಕೂ ವರ್ಷದ ವಿದ್ಯಾರ್ಥಿಗಳು ಮಿಡ್‌ಶಿಪ್‌ಮನ್‌ಗಳೇ. 1976ರಿಂದ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ, ಅವರಿಗೂ ಅದೇ ಹೆಸರು.

ರಷ್ಯಾದಲ್ಲಿ ಇದೇ ಪದ 'ಮಿಚ್‌ಮನ್' ಆಯಿತು. ತ್ಸಾರರ ಕಾಲದಲ್ಲಿ ಅದು ಅಧಿಕಾರಿಗಳ ಮೊದಲ ಮೆಟ್ಟಿಲು. ಈಗ ಹಾಗಲ್ಲ, ವರ್ಷಗಟ್ಟಲೆ ಸೇವೆ ಮಾಡಿದ, ನಾವಿಕರಿಗಿಂತ ಮೇಲಿನ, ಅಧಿಕಾರಿಗಳಿಗಿಂತ ಕೆಳಗಿನ ಹುದ್ದೆ. ಅಲ್ಲೂ ನಡುವಿನವನೇ, ಅಲ್ವಾ? ಸ್ಪೇನಿನವರು ಗ್ವಾರ್ದಿಯಾಮರೀನಾ, ಅಂದರೆ ಕಡಲ ಕಾವಲಿನವ, ಅನ್ನುತ್ತಾರೆ. ಫ್ರೆಂಚರಿಗೆ ಅವನು ಆಸ್ಪಿರಾಂ, ಹುದ್ದೆಗೆ ಆಸೆಪಟ್ಟು ಕಾಯುವವನು.

ನಮ್ಮ ನೌಕಾಪಡೆಗೆ ಪದ ಬಂದದ್ದು ಬ್ರಿಟಿಷರಿಂದ. ಏಳಿಮಲದ ಪೆರೇಡ್ ಮೈದಾನದ ಎದುರಿನ ಕಟ್ಟಡಕ್ಕೂ ಕ್ವಾರ್ಟರ್‌ಡೆಕ್ ಅಂತಲೇ ಹೆಸರು. ತರಬೇತಿ ಮುಗಿಸಿದವರು ಎರಡು ಸಾಲಾಗಿ, ನಿಧಾನದ ಹೆಜ್ಜೆಯಲ್ಲಿ ಅದರ ಮುಂದೆ ಹಾದುಹೋಗುತ್ತಾರೆ. 'ಅಂತಿಮ್ ಪಗ್' ಅನ್ನುವ ಕೊನೆಯ ಹೆಜ್ಜೆ ದಾಟಿದ ಮೇಲೆ, ಅಪ್ಪ ಅಮ್ಮ ಬಂದು ಮಕ್ಕಳ ಹೆಗಲಿಗೆ ಅಧಿಕಾರಿಯ ಪಟ್ಟಿ ತೊಡಿಸುತ್ತಾರೆ.